ಕುತ್ತಿಗೆಯ ಗೆರೆ

ಮಾರ್ಚ್ 4, ಮಂಗಳವಾರ

ಇವತ್ತೂ ಫ್ಯಾನ್ ಆಫ್. ಕಾರ್ಕಳದ ಮಹಾರಾಣಿ ಚಿನ್ನದ ರೇಕು ಹಾಕುವಾಗ ಗಾಳಿ ಆಡಬಾರದು, ಕಿಟಕಿ ತೆರೆಯಬಾರದು, ಕೋಣೆಯಲ್ಲಿ ಯಾರೂ ಕೆಮ್ಮಬಾರದು. ರೇಕು ಈರುಳ್ಳಿಯ ಒಳಸಿಪ್ಪೆಗಿಂತ ತೆಳು, ಉಸಿರು ತಾಗಿದರೂ ಮುದುಡಿ ಹೋಗುತ್ತದಂತೆ. ನಾನು ಉಪವಾಸ ಹಿಡಿದವಳು, ನೀರು ಕೂಡ ಕುಡಿಯುವ ಹಾಗಿಲ್ಲ. ಈ ಸೆಖೆಯಲ್ಲಿ ಗೋಡೆಗೆ ಒರಗಿ ಕೂತು ಅವಳ ಬೆರಳುಗಳನ್ನೇ ನೋಡುತ್ತಿರಬೇಕು. ಅವಳು ಕೆಲಸ ಮಾಡುವಾಗ ಹರಿಣಾಕ್ಷಿ ಮೇಡಂ ತುದಿಗಾಲಲ್ಲಿ ನಡೆಯುತ್ತಾರೆ. ನಾನು ಪೆನ್ಸಿಲ್ ಹಿಡಿದಾಗ ಅದೇ ಮೇಡಂ ನನ್ನ ಬೆನ್ನ ಹಿಂದೆ ನಿಂತು ಫೋನಿನಲ್ಲಿ ಅಡುಗೆಯವಳಿಗೆ ಬಂಗುಡೆ ಪುಳಿಮುಂಚಿ ಮಾಡುವುದು ಹೇಗೆಂದು ಗಟ್ಟಿಯಾಗಿ ಹೇಳಿಕೊಡುತ್ತಾರೆ.

ಮಹಾರಾಣಿಯ ಹೆಸರು ಸಿಂಥಿಯಾ. ಅವಳ ಅಪ್ಪ ಜೋಕಿಮ್ ಊರೂರಿನ ಇಗರ್ಜಿಗಳ ಪೀಠಗಳಿಗೆ ಚಿನ್ನ ಹಚ್ಚುತ್ತಿದ್ದವರು. ವಿದ್ಯೆ ಮನೆಯಿಂದಲೇ ಬಂದಿದೆ, ಅವಳು ಮಾಡಿದ್ದೇನೂ ಇಲ್ಲ.

ಮೇಡಂ ಕಾಲೇಜಿನಲ್ಲಿ ಚಿತ್ರಕಲೆಯ ಇತಿಹಾಸ ಕಲಿಸಿ ನಿವೃತ್ತರಾದವರು. ಮಣಿಪಾಲದ ತಮ್ಮ ಮನೆಯ ಮಹಡಿಯನ್ನೇ ಗ್ಯಾಲರಿ ಮಾಡುತ್ತಿದ್ದಾರೆ. ಏಪ್ರಿಲ್ ಕೊನೆಗೆ ಮೊದಲ ಪ್ರದರ್ಶನ. ಸುಮಾರು ಏಳುನೂರು ವರ್ಷಗಳ ಹಿಂದೆ ಜರ್ಮನಿಯ ಯಹೂದಿಗಳು ಹಬ್ಬದ ಪ್ರಾರ್ಥನೆಗೆಂದು ಬರೆಸಿಕೊಂಡ ಪುಸ್ತಕಗಳ ಚಿತ್ರಗಳು. ಮೂಲ ಪುಸ್ತಕಗಳನ್ನು ಇಲ್ಲಿಗೆ ತರಿಸುವುದು ಆಗದ ಮಾತು. ಹಾಗಾಗಿ ಅಚ್ಚಾದ ಪುಟಗಳನ್ನು ನೋಡಿ ಹಲಗೆಯ ಮೇಲೆ ದೊಡ್ಡದಾಗಿ ನಕಲು ಮಾಡಲು ನಾವಿಬ್ಬರು. ಮೊದಲು ನನ್ನ ಪೆನ್ಸಿಲ್, ಆಮೇಲೆ ಅವಳ ಚಿನ್ನ, ಕೊನೆಗೆ ನನ್ನ ಬಣ್ಣ.

ಪ್ರದರ್ಶನ ಮುಗಿದ ಮೇಲೆ ಇಬ್ಬರಲ್ಲಿ ಒಬ್ಬಳನ್ನು ಮಾತ್ರ ಕಾಯಂ ಆಗಿ ಇಟ್ಟುಕೊಳ್ಳುತ್ತಾರೆ. "ಕರುಣೆಯ ಬಾಗಿಲಿನ ಪುಟ ಯಾರ ಕೈಗೆ ಕೊಡ್ತೇನೋ ಅವಳೇ," ಎಂದಿದ್ದಾರೆ. ಪ್ರಾಯಶ್ಚಿತ್ತದ ದಿನದ ಪ್ರಾರ್ಥನೆ ಶುರುವಾಗುವ ಪುಟ ಅದು. ದೊಡ್ಡ ಕಮಾನು, ನಡುವೆ ಚಿನ್ನದ ಅಕ್ಷರ, ಕೆಳಗೆ ಪ್ರಾರ್ಥನೆಗೆ ನಿಂತ ಜನ. ಮೆಟ್ಟಿಲು ಹತ್ತಿ ಬಂದವರಿಗೆ ಮೊದಲು ಕಾಣುವುದು ಅದೇ.

ಅದು ನನಗೆ ಬೇಕು. ಸಿಗದಿದ್ದರೆ ಕಟಪಾಡಿಯಲ್ಲಿ ಫರ್ಝಾನಾಳ ಪಾರ್ಲರಿನಲ್ಲಿ ಮದುವಣಗಿತ್ತಿಯರ ಕೈಗೆ ಮದರಂಗಿ ಹಾಕುತ್ತಲೇ ಮುದುಕಿಯಾಗುವುದು. ಮದರಂಗಿ ಎಷ್ಟು ಚಂದ ಹಾಕಿದರೂ ಪಾತ್ರೆ ತೊಳೆಯುತ್ತ ಹೋದ ಹಾಗೆ ಮಾಸಿಹೋಗುತ್ತದೆ. ನಾನು ಬರೆದದ್ದು ಒಂದಾದರೂ ಗೋಡೆಯ ಮೇಲೆ ಉಳಿಯಬೇಕು.

ಮಾರ್ಚ್ 7, ಶುಕ್ರವಾರ

ಇವತ್ತು ಮೇಡಂ ನನ್ನ ಮುಂದೆ ಇಟ್ಟ ಪುಟದಲ್ಲಿ ಇಬ್ರಾಹಿಂ ನೆಬಿ ಮಗನನ್ನು ಬಲಿಕೊಡಲು ನಿಂತ ಚಿತ್ರವಿತ್ತು. ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡ ಟಗರು, ಮೋಡದಿಂದ ಕೆಳಗಿಳಿದ ಒಂದು ಕೈ. ಕೈ ಮಾತ್ರ, ದೇವರ ಬೇರೇನೂ ಇಲ್ಲ.

"ನೆಬಿಯ ಚಿತ್ರ ನಾನು ಬರೆಯುವುದಿಲ್ಲ ಮೇಡಂ, ಪ್ರವಾದಿಗಳನ್ನು ನಮ್ಮಲ್ಲಿ ಬರೆಯುವ ಹಾಗಿಲ್ಲ," ಎಂದೆ.

ಮೇಡಂಗೆ ಬೇಸರವೇನೂ ಆಗಲಿಲ್ಲ. "ಸರಿ, ಒತ್ತಾಯ ಎಂತಕ್ಕೆ? ಸಿಂಥಿಯಾ, ಇದನ್ನು ಪೂರ್ತಿ ನೀನೇ ಮಾಡು," ಎಂದರು. ಅವಳು ನನ್ನನ್ನೊಮ್ಮೆ ನೋಡಿ ಹಲಗೆ ತೆಗೆದುಕೊಂಡು ಹೋದಳು. ಸಂಜೆಯೊಳಗೆ ಟಗರಿನ ಕೊಂಬಿಗೆ ಎಂಥ ಚಿನ್ನ ಹಚ್ಚಿದ್ದಳೆಂದರೆ ಮೇಡಂ ಕೆಳಗಿನ ಮನೆಯವರನ್ನೂ ಕರೆದು ತೋರಿಸಿದರು. ಬೇಡ ಎಂದವಳು ನಾನು. ಹೊಗಳಿಕೆ ಅವಳಿಗೆ. ಆ ಟಗರನ್ನಾದರೂ ನಾನು ಬರೆಯುತ್ತೇನೆ ಎನ್ನಬಹುದಿತ್ತು, ಟಗರಿಗೆ ಯಾವ ಅಡ್ಡಿಯೂ ಇರಲಿಲ್ಲ.

ಸಂಜೆ ಟೈಗರ್ ಸರ್ಕಲ್ಲಿನಲ್ಲಿ ಬಸ್ಸಿಗೆ ನಿಂತರೆ ರಸ್ತೆಯ ಆಚೆ ಅವಳು, ಈಚೆ ನಾನು. ಅವಳ ಕಾರ್ಕಳದ ಬಸ್ಸೇ ಮೊದಲು ಬಂತು. ಕಿಟಕಿಯ ಸೀಟೂ ಸಿಕ್ಕಿತು.

ಮಾರ್ಚ್ 9, ಭಾನುವಾರ

ಉಮ್ಮನಿಗೆ ನನ್ನ ಕೆಲಸ ಸರಿಬರುವುದಿಲ್ಲ. ಉಪವಾಸದ ತಿಂಗಳಲ್ಲಿ ಮನುಷ್ಯರ ಚಿತ್ರ ಬರೆಯುವ ಕೆಲಸ ಎಂತದು ಎಂದು ಒಂದೇ ಗೊಣಗಾಟ. ಇವತ್ತು ಸಮೋಸದ ಪಟ್ಟಿ ಮಡಚುತ್ತ ಕೂತಿದ್ದಾಗ ಆ ಪುಸ್ತಕಗಳ ಚಿತ್ರಗಳನ್ನು ಫೋನಿನಲ್ಲಿ ತೋರಿಸಿದೆ. ಉದ್ದ ಅಂಗಿ, ಚೂಪು ಟೊಪ್ಪಿ, ಕೈಯಲ್ಲಿ ಪುಸ್ತಕ, ಕುತ್ತಿಗೆಯ ಮೇಲೆ ಹಕ್ಕಿಯ ತಲೆ. ಇನ್ನೊಂದರಲ್ಲಿ ಹೆಂಗಸರಿಗೆ ನರಿಯದ್ದೋ ಬೆಕ್ಕಿನದ್ದೋ ತಲೆ.

ಉಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ ಫೋನ್ ಹತ್ತಿರ ಹಿಡಿದು ನೋಡಿದರು. "ಮುಖ ಹಕ್ಕಿಯದ್ದಾ? ಪೂರ್ತಿ ಮನುಷ್ಯ ಅಲ್ಲ ಅಲ್ವಾ ಹಾಗಾದರೆ," ಎಂದರು. ದನಿಯಲ್ಲಿ ಅರ್ಧ ಸಮಾಧಾನ. "ಅವರಿಗೂ ಹೆದರಿಕೆ ಉಂಟು ಅಂತಾಯ್ತು."

ಯಾಕೆ ಹೀಗೆ ಬರೆದರು ಎಂದು ಖಚಿತವಾಗಿ ಯಾರಿಗೂ ಗೊತ್ತಿಲ್ಲ ಎನ್ನುತ್ತಾರೆ ಮೇಡಂ. ಮೂರ್ತಿ ಮಾಡಬಾರದು ಎಂಬ ಆಜ್ಞೆಯ ಭಯ ಎಂದು ಕೆಲವರು, ಅಲ್ಲ ಎಂದು ಕೆಲವರು. ನನಗೆ ಮಾತ್ರ ನೋಡಿದ ಕೂಡಲೇ ಅರ್ಥವಾಗಿತ್ತು. ಮದರಸದಲ್ಲಿ ನಮ್ಮ ಉಸ್ತಾದರು ಶಾಲೆಯ ಪುಸ್ತಕದ ಚಿತ್ರಗಳಿಗೆಲ್ಲ ಕುತ್ತಿಗೆಯಲ್ಲಿ ಒಂದು ಗೆರೆ ಎಳೆಸುತ್ತಿದ್ದರು. ಸ್ಕೇಲ್ ಇಟ್ಟು, ಒತ್ತಿ. ತಲೆ ಬೇರೆ, ಮೈ ಬೇರೆ, ಇನ್ನು ಜೀವವಿಲ್ಲ. ನಾನು ಏನು ಬರೆದರೂ ಮೊದಲು ಗೆರೆ, ಆಮೇಲೆ ಮೆಚ್ಚುಗೆ. ಇವರದ್ದು ಹಕ್ಕಿಯ ತಲೆ, ನಮ್ಮದು ಗೆರೆ.

ಹಾಗೆ ನೋಡಿದರೆ ಈ ಪುಸ್ತಕ ನನ್ನದು. ಗೋಡೆಗೆ ಒಂದು ಫೋಟೊ ಕೂಡ ಇಲ್ಲದ ಮನೆಯಲ್ಲಿ ಬೆಳೆದವಳಿಗೆ ಇದು ತಿಳಿಯುತ್ತದೆ. ಪ್ರತಿ ಶೆಲ್ಫಿನಲ್ಲೂ ಸಂತರ ಮುಖಗಳಿರುವ ಮನೆಯ ಹುಡುಗಿಗೆ ಇದರ ತಲೆಬುಡ ಹೇಗೆ ಗೊತ್ತಾಗಬೇಕು? ಚಿನ್ನ ಹಚ್ಚಿದರೆ ಆಯಿತಾ?

ಮಾರ್ಚ್ 13, ಗುರುವಾರ

ಮೇಡಂ ಇವತ್ತು ಎರಡು ಸಂಗತಿ ಹೇಳಿದರು. ಒಂದು, ಆ ಕಾಲದ ಒಬ್ಬ ರಬ್ಬಿಗೆ ಈ ಚಿತ್ರಗಳು ಇಷ್ಟವಿರಲಿಲ್ಲ. ಪ್ರಾರ್ಥನೆ ಮಾಡುವವನು ಪುಟದ ಹಕ್ಕಿ ಮೃಗಗಳನ್ನು ನೋಡುತ್ತ ಕೂತರೆ ಮನಸ್ಸು ದೇವರ ಕಡೆ ಹೋಗುವುದಿಲ್ಲ ಎಂದಿದ್ದರಂತೆ. ಇನ್ನೊಂದು, ಬರೆಯುವವರು ಕೆಲವೊಮ್ಮೆ ತಮ್ಮ ಹೆಸರನ್ನು ಹಾಕುತ್ತಿದ್ದ ಉಪಾಯ. ಪ್ರಾರ್ಥನೆಯ ಸಾಲಿನಲ್ಲಿ ತನ್ನದೇ ಹೆಸರಿನ ಪದ ಬಂದರೆ ಆ ಅಕ್ಷರಗಳಿಗೆ ಮಾತ್ರ ಒಂದಿಷ್ಟು ಅಲಂಕಾರ. ಓದುವವನಿಗೆ ಗೊತ್ತಾದರೆ ಆಯಿತು, ಇಲ್ಲದಿದ್ದರೂ ಆಯಿತು.

"ನಾವೂ ಹಾಗೆ ಮಾಡುದಾ ಮೇಡಂ?" ಎಂದು ಸಿಂಥಿಯಾ ನಕ್ಕಳು. ಮೇಡಂ ನಗಲಿಲ್ಲ. "ನಕಲು ಮಾಡುವವರು ಒಂದು ಚುಕ್ಕೆಯನ್ನೂ ಸೇರಿಸುವ ಹಾಗಿಲ್ಲ. ಅದು ನನ್ನ ಒಂದೇ ನಿಯಮ," ಎಂದರು.

ರಾತ್ರಿಯ ತರಾವೀಹ್ ನಮಾಜಿನಲ್ಲಿ ನನ್ನ ಮನಸ್ಸು ನಿಲ್ಲಲಿಲ್ಲ. ಸುಜೂದಿಗೆ ಹಣೆ ನೆಲಕ್ಕೆ ತಾಗಿಸಿದರೆ ಕಣ್ಣ ಮುಂದೆ ಅವಳ ಆ ಟಗರಿನ ಕೊಂಬು. ರಬ್ಬಿ ಹೇಳಿದ್ದು ಸರಿ ಉಂಟು.

ಮಾರ್ಚ್ 15, ಶನಿವಾರ

ಅವಳಿಗೂ ಉಪವಾಸವಂತೆ, ಈಸ್ಟರ್ ವರೆಗೆ ಮಾಂಸ ಮೀನು ಇಲ್ಲ. ನೀರು ಮಾತ್ರ ಕುಡಿಯುತ್ತಾಳೆ, ಅದೂ ನನ್ನ ಎದುರು ಕುಡಿಯದೆ ಹೊರಗೆ ವರಾಂಡಕ್ಕೆ ಹೋಗಿ. ಮೇಡಂ ಅದನ್ನೂ ಗಮನಿಸಿ, "ಎಷ್ಟು ಸೂಕ್ಷ್ಮ ನೋಡು ಆ ಹುಡುಗಿ," ಎಂದರು. ನೀರು ಕುಡಿದರೂ ಹೊಗಳಿಕೆ.

ಮಾರ್ಚ್ 18, ಮಂಗಳವಾರ

ನಾನು ಕಳೆದ ವಾರ ಪೆನ್ಸಿಲ್ ಮುಗಿಸಿ ಕೊಟ್ಟಿದ್ದ ಹಲಗೆಗಳು ಇವತ್ತು ಚಿನ್ನ ಹಚ್ಚಿ ವಾಪಸ್ ಬಂದವು. ನೋಡಿ ಮೈ ಉರಿಯಿತು. ನನ್ನ ಹಕ್ಕಿತಲೆಯವರ ಕುತ್ತಿಗೆಗೆಲ್ಲ ಸಣ್ಣ ಚಿನ್ನದ ಪಟ್ಟಿ. ಒಬ್ಬರನ್ನೂ ಬಿಟ್ಟಿಲ್ಲ. ಮದುವೆಗೆ ಹೊರಟವರ ಹಾಗೆ ಸಾಲಾಗಿ ನಿಂತಿದ್ದಾರೆ.

ಮೇಡಂ ದೂರದಿಂದಲೇ, "ಆಹಾ, ಎಷ್ಟು ಎದ್ದು ಕಾಣ್ತದೆ," ಎಂದರು. ಕನ್ನಡಕ ಹಾಕಿರಲಿಲ್ಲ. ಮೂಲದಲ್ಲಿ ಏನುಂಟು ಏನಿಲ್ಲ ಎಂದು ತಾಳೆ ನೋಡಲೂ ಇಲ್ಲ.

ನಾನು ನೋಡಿದೆ. ಅಚ್ಚಾದ ಪುಟವನ್ನು ಬಿಸಿಲಿಗೆ ಹಿಡಿದು, ಭೂತಗನ್ನಡಿ ಇಟ್ಟು ನೋಡಿದೆ. ಒಬ್ಬನ ಕುತ್ತಿಗೆಯಲ್ಲೂ ಪಟ್ಟಿ ಇಲ್ಲ. ಅವಳದೇ ನೆಬಿಯ ಪುಟದಲ್ಲೂ ಇಲ್ಲ. ನನ್ನವರ ಕುತ್ತಿಗೆಗೆ ಮಾತ್ರ. ನನ್ನ ಚಿತ್ರವನ್ನು ಯಾರು ನೋಡಿದರೂ ಮೊದಲು ಅವಳ ಚಿನ್ನವೇ ಕಾಣಬೇಕು, ಅದಕ್ಕೆ. ಬೇರೆ ಏನು ಕಾರಣ ಇರಲು ಸಾಧ್ಯ?

ಮಾರ್ಚ್ 19, ಬುಧವಾರ

ಹೇಳಿಬಿಟ್ಟೆ. ಅವಳು ಬರುವ ಮೊದಲೇ ಹೋಗಿ, ಹಲಗೆಯನ್ನೂ ಅಚ್ಚಿನ ಪುಟವನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ಮೇಡಂ ಕನ್ನಡಕ ಹಾಕಿ ಬಹಳ ಹೊತ್ತು ನೋಡಿದರು. ಮುಖ ಬಿಗಿಯಿತು.

ಅವಳು ಬಂದ ಕೂಡಲೇ ಕೇಳಿದರು. "ಇದು ಎಂತ ಸಿಂಥಿಯಾ? ಮೂಲದಲ್ಲಿ ಇಲ್ಲದ್ದನ್ನು ಯಾಕೆ ಸೇರಿಸಿದ್ದು?"

ಅವಳು ನನ್ನ ಕಡೆ ನೋಡಿದಳು. "ತಪ್ಪಾಯ್ತು ಮೇಡಂ," ಎಂದಳು, ಅಷ್ಟೇ.

"ನಿಯಮ ಹೇಳಿದ್ದೆ ಅಲ್ವಾ ನಾನು?"

"ಹೇಳಿದ್ದಿರಿ."

ಮೇಡಂಗೆ ಕಾರಣ ಬೇಕಿತ್ತು. ಅವಳು ಕೊಡಲಿಲ್ಲ. ಕಾರಣ ಇದ್ದರಲ್ಲವೇ ಕೊಡುವುದು.

ಮಾರ್ಚ್ 20, ಗುರುವಾರ

ಬಾಗಿಲಿನ ಪುಟ ನನಗೆ. ಕೆಲಸವೂ ನನಗೆ.

ಅವಳು ತನ್ನ ಕುಂಚ, ಚಿನ್ನ ತೀಡುವ ಕಲ್ಲು, ರೇಕು ಹರಡಿಕೊಳ್ಳುವ ಅವಳಪ್ಪನ ಕಾಲದ ಚರ್ಮದ ದಿಂಬು ಎಲ್ಲವನ್ನೂ ಒಂದು ಬಟ್ಟೆಯ ಚೀಲಕ್ಕೆ ತುಂಬಿಕೊಂಡು ಹೋದಳು. ಹೋಗುವಾಗ ನನ್ನ ಬಳಿ ನಿಂತು, "ಉಳಿದ ರೇಕು ಕಪಾಟಿನಲ್ಲಿ ಉಂಟು. ತೇವ ತಾಗಿಸಬೇಡ," ಎಂದಳು. ನಾನು ಹೂಂ ಎಂದೆ.

ಇಫ್ತಾರಿಗೆ ಉಮ್ಮ ನನಗಿಷ್ಟ ಎಂದು ಕೋಳಿ ಸುಕ್ಕ, ಪುಂಡಿ ಮಾಡಿದ್ದರು. ಕೆಲಸ ಸಿಕ್ಕಿದ್ದಕ್ಕೆ ಅಲ್ಲ, ನನ್ನ ಮುಖದಲ್ಲಿ ಕಳೆ ಬಂದದ್ದಕ್ಕೆ ಎಂದರು. ಚೆನ್ನಾಗಿ ತಿಂದೆ. ಇವತ್ತು ಕೋಣೆಯಲ್ಲಿ ದಿನವಿಡೀ ಫ್ಯಾನ್ ಇತ್ತು. ಸುಖವಾಗಿತ್ತು.

ಮಾರ್ಚ್ 24, ಸೋಮವಾರ

ಕುತ್ತಿಗೆಯ ಚಿನ್ನ ಕೆರೆದು ತೆಗೆಯುವುದು ನನ್ನ ಪಾಲಿಗೆ ಬಂದಿದೆ. ಸಣ್ಣ ಬ್ಲೇಡಿನಿಂದ ಒಂದೊಂದಾಗಿ. ಎಷ್ಟು ಶ್ರದ್ಧೆಯಿಂದ ಹಚ್ಚಿದ್ದಾಳೆ, ಬರುವುದೇ ಇಲ್ಲ. ಅಡಿಯಲ್ಲಿ ಬಿಳಿ ಮಣ್ಣು, ಅದರ ಮೇಲೆ ಕೆಮ್ಮಣ್ಣು, ಅದರ ಮೇಲೆ ರೇಕು. ಇಷ್ಟು ಸಣ್ಣ ಪಟ್ಟಿಗೆ ಯಾರಾದರೂ ಇಷ್ಟೆಲ್ಲ ಮಾಡುತ್ತಾರಾ? ಕಂಚಿನ ಬಣ್ಣ ಬಳಿದರೂ ಯಾರಿಗೂ ತಿಳಿಯುತ್ತಿರಲಿಲ್ಲ.

ಎಲ್ಲ ಕೆರೆದ ಮೇಲೆ ಅಡಿಯಲ್ಲಿ ಒಂದು ಗೀರು ಕಂಡಿತು. ಅಡ್ಡಕ್ಕೆ, ಹಲಗೆಯ ಮೈಗೆ ಒಳಗಿಳಿದ ಹಾಗೆ. ಪ್ರತಿಯೊಬ್ಬನ ಕುತ್ತಿಗೆಯಲ್ಲೂ ಉಂಟು. ರೇಕು ಕತ್ತರಿಸುವಾಗ ಅವಳ ಚೂರಿ ತಾಗಿರಬೇಕು. ನನ್ನ ಚಿತ್ರಗಳನ್ನು ಹಾಳು ಮಾಡಿಯೇ ಹೋಗಿದ್ದಾಳೆ. ಮೇಡಂಗೆ ಇದನ್ನೂ ತೋರಿಸಬೇಕು.

ಮಾರ್ಚ್ 26, ಬುಧವಾರ

ತೋರಿಸಲಿಲ್ಲ.

ಚಿನ್ನ ಹಚ್ಚುವವಳು ಇಲ್ಲದ ಕಾರಣ ಬಾಗಿಲಿನ ಪುಟದ ಕೆಳಗಿನ ಜನರಿಗೆ ಇವತ್ತು ಬಣ್ಣವನ್ನೇ ಮೊದಲು ಶುರು ಮಾಡಿ ನೀಲಿ ಹಚ್ಚಿದೆ. ಮಧ್ಯಾಹ್ನ ಮೂರರ ಮೇಲೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಓರೆಯಾಗಿ ಹಲಗೆಯ ಮೇಲೆ ಬೀಳುತ್ತದೆ. ಆಗ ಕಂಡಿತು. ಒಣಗಿದ ನೀಲಿಯ ಅಡಿಯಲ್ಲಿ, ಕುತ್ತಿಗೆಗೆ ಅಡ್ಡವಾಗಿ, ಅದೇ ಗೀರು. ಒಬ್ಬನಿಗಲ್ಲ, ಸಾಲಾಗಿ ನಿಂತ ಎಲ್ಲರಿಗೂ.

ಈ ಹಲಗೆಯನ್ನು ಸಿಂಥಿಯಾ ಮುಟ್ಟಿಯೇ ಇಲ್ಲ. ಅವಳು ಹೋದ ಮೇಲೆ ಗೋಣಿ ಬಿಚ್ಚಿ ತೆಗೆದದ್ದು ನಾನು.

ಒಂದು ಹಾಳೆ ತೆಗೆದುಕೊಂಡೆ. ಕಿಟಕಿಯ ಸರಳಿನ ಮೇಲೆ ಕೂತಿದ್ದ ಕಾಗೆಯನ್ನು ಬರೆಯುತ್ತ, ಕೈ ಏನು ಮಾಡುತ್ತದೆ ಎಂದು ನೋಡುತ್ತ ಕೂತೆ. ಮೈಯ ಉದ್ದಕ್ಕೆ ಒಂದು ಗೆರೆ. ತಲೆಗೆ ಒಂದು ಸುತ್ತು. ಆಮೇಲೆ, ನಾನು ಬೇಕೆನ್ನುವ ಮೊದಲೇ, ಕುತ್ತಿಗೆಯಲ್ಲಿ ಅಡ್ಡಕ್ಕೆ ಒಂದು. ಒತ್ತಿ. ಉಸ್ತಾದರು ಸ್ಕೇಲ್ ಹಿಡಿದು ಪಕ್ಕದಲ್ಲಿ ನಿಂತಿರುವಾಗ ಎಳೆಯುತ್ತಿದ್ದ ಹಾಗೆ.

ಇಷ್ಟು ವರ್ಷ ಬರೆದಿದ್ದೇನೆ, ಒಮ್ಮೆಯೂ ನೋಡಿಕೊಂಡಿಲ್ಲ. ಮೇಲೆ ಬಣ್ಣ ಬಿದ್ದ ಮೇಲೆ ಪೆನ್ಸಿಲ್ ಯಾರಿಗೆ ನೆನಪಿರುತ್ತದೆ.

ಅವಳ ನೆಬಿಯ ಪುಟದಲ್ಲಿ ಪಟ್ಟಿ ಇರಲಿಲ್ಲ. ಅಲ್ಲಿ ಮುಚ್ಚಲು ಗೆರೆ ಇರಲಿಲ್ಲ.

ಮಾರ್ಚ್ 27, ಗುರುವಾರ

ಕೇಳಿದ್ದಾಗ ಅವಳೇ ಹೇಳಬಹುದಿತ್ತು. ಬಾಯಿ ಇರಲಿಲ್ಲವಾ?

ಮಾರ್ಚ್ 31, ಸೋಮವಾರ

ಪೆರ್ನಾಲ್, ಉಪವಾಸ ಮುಗಿದ ಹಬ್ಬ. ಹೊಸ ಬಟ್ಟೆ, ಬಿರಿಯಾನಿ, ಮನೆ ತುಂಬ ಜನ. ಫರ್ಝಾನಾ ಕೈ ಚಾಚಿ ಕೂತು, "ಇನ್ನು ನೀನು ಮಣಿಪಾಲದ ದೊಡ್ಡ ಆರ್ಟಿಸ್ಟ್, ನಮಗೆಲ್ಲ ಮದರಂಗಿ ಹಾಕ್ತೀಯಾ ಇಲ್ವಾ," ಎಂದು ತಮಾಷೆ ಮಾಡಿದಳು. ಹಾಕಿಕೊಟ್ಟೆ. ನವಿಲು ಬೇಕೆಂದಳು. ಕೋನಿನಿಂದ ನವಿಲು ಬರೆದು, ಕುತ್ತಿಗೆಗೆ ಬಂದಾಗ ಕೈ ತಡೆದೆ. "ಎಂತ ಆಯ್ತು?" ಎಂದಳು. ಏನಿಲ್ಲ ಎಂದೆ.

ಸಂಜೆ ಕಡಲ ದಂಡೆಯ ದೀಪಸ್ತಂಭದ ಕಡೆ ಎಲ್ಲರೂ ಹೋದೆವು. ನಮ್ಮ ಕಾಪುವಿನ ಅರ್ಧ ಊರು ಅಲ್ಲೇ ಇತ್ತು. ಬಂಡೆಯ ಮೇಲೆ ಕೂತು ಐಸ್‌ಕ್ರೀಂ ತಿನ್ನುವಾಗ ಸಿಂಥಿಯಾಳಿಗೆ ಒಂದು ಹಬ್ಬದ ಮೆಸೇಜ್ ಹಾಕುವುದಾ ಎಂದು ಯೋಚನೆ ಬಂತು. ಯಾಕೆ ಬಂತೋ. ಹಬ್ಬ ನನ್ನದು, ಹಾಕಬೇಕಾದವಳು ಅವಳು. ಮನೆಗೆ ಬಂದು ನೋಡಿದರೆ ಹಾಕಿದ್ದಳು. ಎರಡೇ ಪದ, ಈದ್ ಮುಬಾರಕ್. ಮೈಯೆಲ್ಲ ಉರಿದುಹೋಯಿತು. ಯಾವುದರಲ್ಲೂ ಮುಂದೆ ಹೋಗಲು ಬಿಡುವುದಿಲ್ಲ ಅವಳು.

ಏಪ್ರಿಲ್ 3, ಗುರುವಾರ

ಬಾಗಿಲಿನ ಚಿನ್ನದ ಅಕ್ಷರ ನಾನೇ ಮಾಡಲು ಹೊರಟೆ. ಫ್ಯಾನ್ ಆಫ್ ಮಾಡಿದೆ, ಕಿಟಕಿ ಮುಚ್ಚಿದೆ. ಕೆಮ್ಮಣ್ಣಿನ ಮೇಲೆ ಬಿಸಿ ಉಸಿರು ಬಿಟ್ಟು ತಟ್ಟನೆ ರೇಕು ಇಡಬೇಕು, ಅಷ್ಟು ನೋಡಿ ಗೊತ್ತಿತ್ತು. ಮೊದಲ ರೇಕು ಬೆರಳಿಗೆ ಅಂಟಿತು. ಎರಡನೆಯದು ಹಾರಿ ನನ್ನ ಹುಬ್ಬಿನ ಮೇಲೆ ಕೂತಿತು. ಮೂರನೆಯದು ಅಕ್ಷರದ ಮೇಲೆಯೇ ಬಿತ್ತು, ಆದರೆ ಮುದುಡಿ, ಎಸೆದ ಚಾಕಲೇಟಿನ ಕಾಗದದ ಹಾಗೆ.

ಮೇಡಂ ಬಾಗಿಲಲ್ಲಿ ನಿಂತು ನೋಡಿದರು. "ಉಡುಪಿಯಲ್ಲಿ ಯಾರಾದರೂ ಸಿಗ್ತಾರಾ ನೋಡುವಾ," ಎಂದು ಹೋದರು. ಬೈದಿದ್ದರೆ ಒಳ್ಳೆಯದಿತ್ತು.

ಹಾಗೆ ಯಾರೋ ಬಂದು ಮಾಡುವಂಥದ್ದಲ್ಲ ಅದು. ಅವಳ ಕೆಲಸ ಅದು.

ಏಪ್ರಿಲ್ 5, ಶನಿವಾರ

ಕಾರ್ಕಳಕ್ಕೆ ಹೋಗಿ ಬಂದೆ. ಕೆಮ್ಮಣ್ಣನ್ನು ಯಾವ ಹದಕ್ಕೆ ಕಲಸುವುದು ಎಂದು ಕೇಳಲು, ಬೇರೆ ಯಾವುದಕ್ಕೂ ಅಲ್ಲ.

ಕಾಪುವಿನಿಂದ ಶಿರ್ವಕ್ಕೆ ಒಂದು ಬಸ್ಸು, ಅಲ್ಲಿಂದ ಬೆಳ್ಮಣ್ ಮೇಲೆ ಇನ್ನೊಂದು. ಅವಳ ಮನೆ ಅತ್ತೂರಿನ ಕಡೆ, ರಸ್ತೆಯಿಂದ ಸ್ವಲ್ಪ ಇಳಿಜಾರಿನಲ್ಲಿ. ಜಗಲಿಯಲ್ಲಿ ಜೋಕಿಮ್ ಅಂಕಲ್ ಕುರ್ಚಿ ಹಾಕಿ ಕೂತಿದ್ದರು. ಕೈ ನಡುಗುತ್ತದೆ, ಈಗ ಕೆಲಸವಿಲ್ಲ. "ನೀನಾ ಹಕ್ಕಿ ಬರೆಯುವವಳು?" ಎಂದರು. "ಇವಳು ದಿನಾ ನಿನ್ನದೇ ಸುದ್ದಿ ಹೇಳ್ತಿದ್ಲು. ಗೆರೆ ಎಳೆದರೆ ಹಾವು ಹರಿದ ಹಾಗೆ ಅಂತೆ."

ಒಳಗೆ ನಾನು ಎಣಿಸಿದ ಹಾಗೆ ಪ್ರತಿ ಶೆಲ್ಫಿನಲ್ಲಿ ಸಂತರಿರಲಿಲ್ಲ. ಒಂದು ಶಿಲುಬೆ, ಒಂದು ಮಾತೆಯ ಮೂರ್ತಿ, ಮುಗಿಯಿತು. ಸಿಂಥಿಯಾ ಅಡುಗೆಮನೆಯಿಂದ ಬಂದಳು. ನನ್ನನ್ನು ನೋಡಿ ನಗಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ.

"ಚಾ ಮಾಡ್ತೇನೆ. ಕುಡಿ. ಆಮೇಲೆ ಬೈತೇನೆ," ಎಂದಳು.

ಚಾ ಆಯಿತು. ನಾನು ಕೆಮ್ಮಣ್ಣಿನ ವಿಷಯ ಶುರು ಮಾಡಬೇಕೆಂದಿದ್ದೆ, ಬಾಯಿಗೆ ಬಂದದ್ದು ಬೇರೆ. "ಗೆರೆ ಮುಚ್ಚಿದ್ದಾ ನೀನು?"

"ಹೌದು."

"ರಬ್ಬರಿನಿಂದ ಉಜ್ಜಿದ್ದರೆ ಆಗ್ತಿರಲಿಲ್ವಾ? ನನಗೆ ಹೇಳಿದ್ದರೆ ಆಗ್ತಿರಲಿಲ್ವಾ?"

ಅವಳು ಲೋಟ ಕೆಳಗಿಟ್ಟಳು. "ಹೇಗೆ ಉಜ್ಜುದು ಮಾರಾಯ್ತಿ? ನೆಬಿಯ ಚಿತ್ರ ಬೇಡ ಅಂತ ನೀನು ಮೇಡಂ ಎದುರೇ ಹೇಳಿದ್ದಿ. ಆಮೇಲೆ ನಿನ್ನ ಹಲಗೆ ನೋಡಿದರೆ ಒಬ್ಬೊಬ್ಬರಿಗೂ ಕುತ್ತಿಗೆಯಲ್ಲಿ ಗೆರೆ. ನಿಮ್ಮಲ್ಲಿ ಹಾಗೆ ಮಾಡ್ಲಿಕ್ಕೆ ಉಂಟು ಅಂತ ಎಣಿಸಿದೆ, ನೀನು ಬೇಕಂತಲೇ ಎಳೆದದ್ದು ಅಂತ. ಅದನ್ನು ನಾನು ಉಜ್ಜಿದರೆ ಪಾಪ ನನಗಾ ನಿನಗಾ? ಹಾಗೇ ಬಿಟ್ಟರೆ ಗೀರು ಬಣ್ಣದಲ್ಲಿ ಕಾಣ್ತದೆ, ಮೇಡಂ ಬಿಡ್ಲಿಕ್ಕಿಲ್ಲ. ಅದಕ್ಕೆ ಮೇಲೆ ಚಿನ್ನ ಹಾಕಿದೆ. ಗೆರೆ ಒಳಗೆ ಇರ್ತದೆ, ಹೊರಗೆ ಕಾಣುದಿಲ್ಲ."

"ಕೇಳಬಹುದಿತ್ತು."

"ದೇವರ ವಿಷಯ ಅಲ್ವಾ. ಹೇಗೆ ಕೇಳುದು?" ಎಂದಳು. ಆಮೇಲೆ, "ಮೇಡಂ ಕೇಳಿದಾಗ ನಿನ್ನ ಗೆರೆ ಅಂತ ಹೇಳಿದ್ದರೆ ನಿನ್ನ ಕೆಲಸ ಹೋಗ್ತಿತ್ತು. ಚಾಡಿ ಹೇಳಿದವಳು ನೀನೇ ಅಂತ ಆ ಹೊತ್ತಿಗೆ ಗೊತ್ತಿರಲಿಲ್ಲ ನನಗೆ. ಬಸ್ಸು ಹತ್ತಿ ಯೋಚನೆ ಮಾಡಿದ ಮೇಲೆ ಗೊತ್ತಾಯ್ತು. ಅಲ್ಲಿಂದ ಹಿರಿಯಡ್ಕದವರೆಗೂ ಕೂಗಿದ್ದೇನೆ," ಎಂದಳು.

ಕೂಗಿದ್ದೇನೆ ಎಂದರೆ ಅತ್ತದ್ದು.

ಬೇಕಂತ ಎಳೆದದ್ದಲ್ಲ, ನನಗೇ ಗೊತ್ತಿರಲಿಲ್ಲ ಎಂದು ಹೇಳಿದೆ. ಅವಳು ನಂಬಲಿಲ್ಲ. ಪೇಪರು ಪೆನ್ಸಿಲು ತಂದು ಮುಂದೆ ಇಟ್ಟಳು. ಜೋಕಿಮ್ ಅಂಕಲರ ಕಾಲ ಬುಡದಲ್ಲಿದ್ದ ಕೋಳಿಯನ್ನು ಬರೆದೆ. ಮಾತಾಡುತ್ತಲೇ ಬರೆದೆ. ಮುಗಿದಾಗ ಮೂವರೂ ನೋಡಿದೆವು. ಗೆರೆ ಇತ್ತು. ಅಂಕಲ್ ಮೊದಲು ನಕ್ಕರು. ಆಮೇಲೆ ಅವಳು ನಕ್ಕಳು, ಆಮೇಲೆ ಹೇಳಿದ ಮಾತಿನ ಹಾಗೆ ಬೈದಳು. ತುಳುವಿನಲ್ಲಿ, ಕೊಂಕಣಿಯಲ್ಲಿ, ಅರ್ಥವಾಗದ್ದೂ ಸೇರಿ.

ಕೆಮ್ಮಣ್ಣಿನ ಹದ ಕೇಳಲು ಮರೆತೇ ಹೋಯಿತು.

ಏಪ್ರಿಲ್ 7, ಸೋಮವಾರ

ಮೇಡಂಗೆ ಹೇಳಿದೆ. ಬಾಗಿಲಿನ ಪುಟವನ್ನು ಕಿಟಕಿಯ ಬಿಸಿಲಿಗೆ ಹಿಡಿದು ಗೀರು ತೋರಿಸಿದೆ. ಪಟ್ಟಿ ಹಾಕಿದ್ದು ಯಾಕೆಂದೂ ಹೇಳಿದೆ. ನಾನು ಹೇಳದಿದ್ದರೂ ಪ್ರದರ್ಶನದ ದಿನ ಮಧ್ಯಾಹ್ನ ಆ ಕಿಟಕಿಯೇ ಹೇಳುತ್ತಿತ್ತು. ದೊಡ್ಡತನ ಮಾಡಿದೆ ಎಂದೇನಲ್ಲ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿನ್ನ ಮಾತು ಕೇಳಿ ಆ ಹುಡುಗಿಯನ್ನು ಕಳಿಸಿಬಿಟ್ಟೆ ನಾನು," ಎಂದರು. ನನ್ನನ್ನು ಬೈಯುವುದಕ್ಕಿಂತ ತಮ್ಮನ್ನೇ ಬೈದುಕೊಂಡ ಹಾಗಿತ್ತು, ಅದನ್ನು ಕೇಳುವುದು ಇನ್ನೂ ಕಷ್ಟ. ನನ್ನೆದುರೇ ಅವಳಿಗೆ ಫೋನ್ ಮಾಡಿದರು. ಬಾಗಿಲಿನ ಪುಟ ಅವಳದ್ದು. ಕೆಲಸವೂ ಅವಳದ್ದು. ಗೀರು ಬಿದ್ದ ಹಲಗೆಗಳನ್ನೆಲ್ಲ ಹೊಸದಾಗಿ ಮಾಡಬೇಕು, ಅದು ಮುಗಿಯುವವರೆಗೆ ನಾನೂ ಇರಬೇಕು, ಆಮೇಲೆ ಬೇಡ.

ಬಸ್ಸಿನಲ್ಲಿ ಉದ್ಯಾವರದ ಸೇತುವೆ ದಾಟುವಾಗ ಫರ್ಝಾನಾಳಿಗೆ ಫೋನ್ ಮಾಡಿ, ಮೇ ತಿಂಗಳ ಮದುವೆಗಳಿಗೆ ಜನ ಬೇಕಾ ಎಂದು ಕೇಳಿದೆ. ಬೇಕಂತೆ. ಅಳು ಬಂತು. ಪಕ್ಕದ ಸೀಟಿನ ಹೆಂಗಸು ಬಾಳೆ ನಾರಿನಲ್ಲಿ ಕಟ್ಟಿದ ಮಲ್ಲಿಗೆಯ ಅಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಬೇರೆ ಕಡೆ ನೋಡಿದಳು.

ಏಪ್ರಿಲ್ 12, ಶನಿವಾರ

ಈಗ ಅವಳು ನನ್ನ ಪಕ್ಕದಲ್ಲೇ ಸ್ಟೂಲ್ ಹಾಕಿ ಕೂರುತ್ತಾಳೆ. ನನ್ನ ಪೆನ್ಸಿಲ್ ತಲೆಯಿಂದ ಕೆಳಗೆ ಇಳಿಯುವಷ್ಟರಲ್ಲಿ, "ಕುತ್ತಿಗೆ," ಎನ್ನುತ್ತಾಳೆ. ನಾನು ಕೈ ಎತ್ತುತ್ತೇನೆ. ಇನ್ನೊಬ್ಬ. "ಕುತ್ತಿಗೆ." ಬಸ್ ಕಂಡಕ್ಟರ್ ಸ್ಟಾಪ್ ಕೂಗಿದ ಹಾಗೆ. ಮೇಡಂ ಕೆಳಗಿನಿಂದ, ಎಂತ ಅದು ನಗಾಡುದು ಎಂದು ಕೇಳಿದರು.

ಹೊಟ್ಟೆಕಿಚ್ಚು ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಇವತ್ತು ಅವಳು ಕಮಾನಿನ ಅಂಚಿಗೆ ಹಚ್ಚಿದ ಚಿನ್ನ ನೋಡಿ ಮತ್ತೆ ಒಳಗೊಳಗೇ ಉರಿಯಿತು. ಎಷ್ಟು ಚಂದ ಮಾಡುತ್ತಾಳೆ ಕಳ್ಳಿ. ಸಂಜೆ ಅವಳ ಬಸ್ಸು ಬರಲು ತಡವಾಯಿತು. ಸಿಂಥಿ ಒಬ್ಬಳೇ ನಿಂತಿದ್ದಾಳಲ್ಲ ಎಂದು ರಸ್ತೆ ದಾಟಿ ಹೋಗಿ ಜೊತೆಗೆ ನಿಂತೆ. ನನ್ನ ಎರಡು ಬಸ್ಸು ಹೋದವು.

ಏಪ್ರಿಲ್ 22, ಮಂಗಳವಾರ

ಇವತ್ತು ಕೊನೆಯ ಹಲಗೆ. ಬಾಗಿಲಿನ ಪುಟ. ಜನರೆಲ್ಲ ಆಗಿದ್ದರು, ತೀರಾ ಬಲಗಡೆ, ಕಂಬದ ಬುಡದಲ್ಲಿ, ಒಬ್ಬ ಸಣ್ಣವನು ಮಾತ್ರ ಉಳಿದಿದ್ದ. ಕೈಯಲ್ಲಿ ಪುಸ್ತಕ ತೆರೆದು ಹಿಡಿದ ಹಕ್ಕಿ. ನಾನು ಅವನನ್ನು ಬರೆಯುವ ಹೊತ್ತಿಗೆ ಸಿಂಥಿ ಮೇಲಿನ ಅಕ್ಷರದ ಅಂಚಿಗೆ ರೇಕು ಇಳಿಸುತ್ತಿದ್ದಳು. ಉಸಿರು ಹಿಡಿದಿದ್ದಳು, ಮಾತಾಡುವ ಹಾಗಿರಲಿಲ್ಲ.

ಕುತ್ತಿಗೆ ಎಂದು ಯಾರೂ ಹೇಳಲಿಲ್ಲ. ಗೆರೆ ಬಿತ್ತು. ಒತ್ತಿ ಅಲ್ಲ, ಹಗುರವಾಗಿ, ಕೂದಲಿನಷ್ಟು. ಆದರೂ ಬಿತ್ತು.

ಅವಳು ರೇಕನ್ನು ತೀಡಿ, ಉಸಿರು ಬಿಟ್ಟು, ಬಗ್ಗಿ ನೋಡಿದಳು. ಅವಳು ಮೇಜಿನಿಂದ ರಬ್ಬರ್ ತೆಗೆದಳು. ತಾನೇ ಉಜ್ಜುತ್ತಾಳೆ ಎಂದುಕೊಂಡೆ. ಉಜ್ಜಲಿಲ್ಲ. ನನ್ನ ಅಂಗೈ ಬಿಡಿಸಿ ಅದರಲ್ಲಿ ಇಟ್ಟಳು.

"ಈ ಸಲ ಕೇಳ್ತೇನೆ," ಎಂದಳು. "ಬೇಕಾ, ಬೇಡವಾ?"

ಆ ಸಣ್ಣವನನ್ನು ನೋಡಿದೆ. ಶನಿವಾರದಿಂದ ಇವರೆಲ್ಲ ಈ ಗೋಡೆಯ ಮೇಲೆ ಇರುತ್ತಾರೆ. ನಾನು ಕಟಪಾಡಿಯಲ್ಲಿ ಇರುತ್ತೇನೆ.

"ಒಂದು ಇರಲಿ," ಎಂದೆ.

"ಮೇಡಂಗೆ ಕಂಡರೆ?"

"ಕಂಡರೆ ನನ್ನದು ಅಂತ ಹೇಳು."

ಅವಳು ತಲೆಯಾಡಿಸಿ ದಿಂಬಿನ ಮೇಲೆ ಮುಂದಿನ ರೇಕು ಬಿಡಿಸಿಟ್ಟಳು. ಇನ್ನೊಂದು ಅಕ್ಷರ ಬಾಕಿ ಇತ್ತು. ಅಷ್ಟರಲ್ಲಿ ಸೆಖೆ ಎಂದು ಕೆಳಗಿನವರು ಯಾರೋ ಬಂದು ಹಾಕಿಹೋದ ಫ್ಯಾನ್ ಮೆಲ್ಲಗೆ ತಿರುಗಲು ಶುರುವಾಯಿತು. ಅವಳು ಹೇಳುವ ಮೊದಲೇ ಎದ್ದು ಹೋಗಿ ಆಫ್ ಮಾಡಿದೆ. ಕಿಟಕಿಯನ್ನೂ ಮುಚ್ಚಿ, ಬಾಯಿಗೆ ಸೆರಗು ಹಿಡಿದು ಅವಳ ಪಕ್ಕದಲ್ಲಿ ಕೂತೆ.